ಶೆಲ್ಟರ್ ನಾಯಿಯ ಸಿಟ್ಟು, ಭಯ, ಬೊಗಳಾಟ: ದಾವಣಗೆರೆಯಲ್ಲಿ ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಊರಾಚೆ, ಹೈವೇಯಿಂದ ಸ್ವಲ್ಪ ಒಳಗೆ, ಒಂದು ಚಿಕ್ಕ ಶೆಲ್ಟರ್ ಇದೆ. ಶನಿವಾರ, ಭಾನುವಾರ ನಾನು ಅಲ್ಲಿರುತ್ತೇನೆ. ಡಾಕ್ಟರ್ ಅಲ್ಲ, ಸರ್ಟಿಫಿಕೇಟ್ ಇರುವ ಟ್ರೈನರ್ ಕೂಡ ಅಲ್ಲ. ನಾಯಿಗಳ ಜೊತೆ ಸುಮಾರು ವರ್ಷ ಕಳೆದು, ಒಂದಷ್ಟು ಕಚ್ಚಿಸಿಕೊಂಡು, ಒಂದಷ್ಟು ಓದಿಕೊಂಡು ಕಲಿತವನು. ನಾಯಿ ನೋಡಲು ಬರುವವರು, ಫೋನ್ ಮಾಡುವವರು, ಬೆಣ್ಣೆ ದೋಸೆ ಹೋಟೆಲ್‌ನಲ್ಲಿ ಸಿಕ್ಕಿ "ನೀವು ನಾಯಿಯವರಲ್ವಾ" ಅಂತ ಮಾತಿಗಿಳಿಯುವವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆ. ಪ್ರತಿ ಸಲ ಬಾಯಿ ನೋಯಿಸಿಕೊಳ್ಳುವ ಬದಲು ಬರೆದೇ ಇಟ್ಟಿದ್ದೇನೆ.

ನಾಯಿ ಬಂದ ದಿನವೇ ಟೆಸ್ಟ್ ಮಾಡಿ "ಇದು ಸಾಧು, ಇದು ಕಚ್ಚುತ್ತದೆ" ಅಂತ ಹೇಳಬಹುದಲ್ವಾ?

ಹೇಳಬಹುದು. ತಪ್ಪಾಗುತ್ತದೆ, ಅಷ್ಟೇ.

ಎಪಿಎಂಸಿ ಹಿಂದೆ ಮೆಕ್ಕೆಜೋಳದ ಚೀಲಗಳ ಪಕ್ಕ ಮಲಗುತ್ತಿದ್ದ ನಾಯಿಯನ್ನು ನೆನೆಸಿಕೊಳ್ಳಿ. ಅದಕ್ಕೆ ತನ್ನ ಓಣಿ ಗೊತ್ತು, ಯಾರು ಬನ್ ಹಾಕುತ್ತಾರೆ ಗೊತ್ತು, ಯಾರು ಕಲ್ಲು ಎಸೆಯುತ್ತಾರೆ ಅದೂ ಗೊತ್ತು. ಒಂದು ಬೆಳಿಗ್ಗೆ ಬಲೆ ಬೀಳುತ್ತದೆ, ವ್ಯಾನಿನಲ್ಲಿ ಹಾಕಿಕೊಂಡು ಬರುತ್ತಾರೆ, ಕೆಳಗೆ ಸಿಮೆಂಟ್ ನೆಲ, ಎಲ್ಲೆಲ್ಲೂ ಫಿನಾಯಿಲ್ ವಾಸನೆ, ಸುತ್ತ ಹತ್ತಾರು ನಾಯಿಗಳು ಒಂದೇ ಸಮ ಬೊಗಳುತ್ತಿವೆ. ಆಗ ಯಾರೋ ಬಂದು ತಲೆ ಸವರಿದರೆ ಅದು ಹಲ್ಲು ತೋರಿಸುತ್ತದೆ. ನೀವಾಗಿದ್ದರೂ ತೋರಿಸುತ್ತಿದ್ದಿರಿ.

ಇದು ನನ್ನ ಊಹೆ ಅಲ್ಲ. ಶೆಲ್ಟರ್‌ಗೆ ಹೊಸದಾಗಿ ಬಂದ ನಾಯಿಗಳ ರಕ್ತದಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನನ್ನು ಅಮೆರಿಕದಲ್ಲಿ 1990ರ ದಶಕದಲ್ಲೇ ಅಳೆದು ನೋಡಿದ್ದಾರೆ. ಮೊದಲ 3 ದಿನ ಅದು ತುಂಬಾ ಜಾಸ್ತಿ ಇರುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಹಾಗಾಗಿ ನಾವು ಮೊದಲ 3 ದಿನ ಯಾವ ತೀರ್ಪನ್ನೂ ಕೊಡುವುದಿಲ್ಲ. ಊಟ, ನೀರು, ಮರೆಯಾಗಿ ಮಲಗಲು ಒಂದು ಮೂಲೆ. ಗಾಯ ಇದ್ದರೆ ಚಿಕಿತ್ಸೆ. ರೇಬೀಸ್ ಅನುಮಾನ ಇದ್ದರೆ ಮಾತ್ರ ಲೆಕ್ಕವೇ ಬೇರೆ, ಅದನ್ನು ಕೂಡಲೇ ಪ್ರತ್ಯೇಕಿಸಿ ಡಾಕ್ಟರ್‌ಗೆ ಹೇಳುತ್ತೇವೆ.

ಕಡ್ಡಿಗೆ ರಬ್ಬರ್ ಕೈ ಕಟ್ಟಿ ಊಟದ ತಟ್ಟೆಗೆ ಹಾಕಿ ನೋಡುವ ಟೆಸ್ಟ್ ಇದೆಯಂತಲ್ಲ?

ಇದೆ. ಅಮೆರಿಕದ ಶೆಲ್ಟರ್‌ಗಳಲ್ಲಿ ತುಂಬಾ ವರ್ಷ ನಡೆಯಿತು. ನಾಯಿ ತಿನ್ನುವಾಗ ಆ ಕೈಯಿಂದ ತಟ್ಟೆ ಎಳೆಯುವುದು, ಕಚ್ಚಿದರೆ ಫೇಲ್. ಫೇಲ್ ಆದ ಎಷ್ಟೋ ನಾಯಿಗಳು ಜೀವಂತ ಹೊರಗೆ ಬರಲಿಲ್ಲ.

2016ರಲ್ಲಿ ಗ್ಯಾರಿ ಪ್ಯಾಟ್ರೊನೆಕ್ ಮತ್ತು ಜಾನಿಸ್ ಬ್ರಾಡ್ಲಿ ಅನ್ನುವ ಸಂಶೋಧಕರು ಇಂಥ ಟೆಸ್ಟ್‌ಗಳ ಲೆಕ್ಕ ಬಿಡಿಸಿ ನೋಡಿದರು. ನಾಣ್ಯ ಚಿಮ್ಮಿ ನೋಡುವುದಕ್ಕಿಂತ ಇದೇನೂ ಮೇಲಲ್ಲ ಅನ್ನುವುದು ಅವರ ಮಾತು. ಕಾರಣ ಸರಳ. ನಿಜವಾಗಿ ಅಪಾಯದ ನಾಯಿಗಳು ಇರುವುದೇ ಕಡಿಮೆ. ಅಷ್ಟು ಕಡಿಮೆ ಇರುವುದನ್ನು ಹುಡುಕಲು ಹೊರಟಾಗ, ಟೆಸ್ಟ್ ತಕ್ಕಮಟ್ಟಿಗೆ ಚೆನ್ನಾಗಿದ್ದರೂ, ಸುಮ್ನೆ ಹೆದರಿದ ಒಳ್ಳೆಯ ನಾಯಿಗಳೇ ಬಲೆಗೆ ಜಾಸ್ತಿ ಬೀಳುತ್ತವೆ.

ಅವರನ್ನು ಬೈಯುವ ಮೊದಲು ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ಇದನ್ನೆಲ್ಲ ಓದುವ ಮುಂಚೆ ನಾವೂ ಒಂದು ಕೈ ಮಾಡಿಕೊಂಡಿದ್ದೆವು. ಹಳೇ ಗ್ಲೌಸಿಗೆ ಹತ್ತಿ ತುಂಬಿ ಬಿದಿರು ಕೋಲಿಗೆ ಕಟ್ಟಿದ್ದು (ದಾವಣಗೆರೆಯಲ್ಲಿ ಹತ್ತಿಗೇನು ಬರ?). ರಾಣಿ ಅನ್ನುವ ಕಂದು ನಾಯಿ ಅದನ್ನು ಹಿಡಿದು ಜಗ್ಗಿ ಹರಿದು ಹಾಕಿತು. ಕೇಜ್ ಮೇಲೆ ಕೆಂಪು ಮಾರ್ಕರ್‌ನಲ್ಲಿ "ಆಕ್ರಮಣಕಾರಿ" ಅಂತ ಬರೆದೆವು. ಬೋರ್ಡ್ ಓದಿದವರು ಮುಂದಿನ ಕೇಜ್‌ಗೆ ಹೋಗುತ್ತಿದ್ದರು. ಎರಡು ವಾರ ಅದನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಕಸ ಗುಡಿಸುವ ಅಕ್ಕ ಕೇಳಿದರು, "ಇದು ಯಾಕೆ ತಲೆ ಒಂದೇ ಕಡೆ ವಾಲಿಸುತ್ತದೆ?" ಎಡಗಿವಿ ಪೂರಾ ಕೀವು. ಬಗ್ಗಿ ತಿನ್ನುವಾಗ ಕಿವಿ ಹತ್ತಿರ ಏನೇ ಬಂದರೂ ಅದಕ್ಕೆ ಜೀವ ಹೋದಂತಾಗುತ್ತಿತ್ತು. ಚಿಕಿತ್ಸೆ ಆಯಿತು, ಕಿವಿ ಗುಣವಾಯಿತು, ರಾಣಿ ಈಗ ನಿಟುವಳ್ಳಿಯ ಒಂದು ಮನೆಯಲ್ಲಿ ಸೋಫಾ ಮೇಲೆ ಮಲಗುತ್ತದೆ. ಆ ಬೋರ್ಡ್ ಬರೆದವನು ನಾನೇ.

ಹಾಗಾದರೆ ನೀವು ಏನು ನೋಡುತ್ತೀರಿ?

ನಮ್ಮದು ಒಂದು ನೂರು ಪುಟದ ನೋಟ್‌ಬುಕ್. ಪ್ರತಿ ಘಟನೆಗೂ ಮೂರು ವಿಷಯ ಬರೆಯಬೇಕು: ಅದಕ್ಕೆ ಮುಂಚೆ ಏನಾಯಿತು, ನಾಯಿ ಏನು ಮಾಡಿತು, ಆಮೇಲೆ ಏನಾಯಿತು. "ಆಕ್ರಮಣಕಾರಿ", "ಹಟಮಾರಿ", "ಹುಚ್ಚು" ಅನ್ನುವ ಪದಗಳಿಗೆ ಪ್ರವೇಶ ಇಲ್ಲ. "ಹೆಲ್ಮೆಟ್ ಹಾಕಿಕೊಂಡವರು ಗೇಟ್ ತೆರೆದರು, ನಾಯಿ ಮೈ ಬಿಗಿ ಮಾಡಿತು, ಎರಡು ಸಲ ಗುರ್ ಅಂದಿತು, ಅವರು ಹಿಂದೆ ಸರಿದರು, ಸುಮ್ಮನಾಯಿತು." ಹೀಗೆ ಬರೆದರೆ ಹೆಲ್ಮೆಟ್ ಸಮಸ್ಯೆ ಅಂತ ಗೊತ್ತಾಗುತ್ತದೆ, ಗುರ್ ಅಂದರೆ ಜನ ಹಿಂದೆ ಹೋಗುತ್ತಾರೆ ಅಂತ ನಾಯಿ ಕಲಿತಿರುವುದೂ ಗೊತ್ತಾಗುತ್ತದೆ. ಕೆಲಸ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಅಲ್ಲೇ ಸಿಕ್ಕಿತು. "ಆಕ್ರಮಣಕಾರಿ" ಅಂತ ಬರೆದಿದ್ದರೆ ಏನು ಸಿಗುತ್ತಿತ್ತು?

ಒಂದೇ ಜಾಗದಲ್ಲಿ ನೋಡಬೇಡಿ. ಕೇಜ್ ಒಳಗೆ, ಅಂಗಳದಲ್ಲಿ, ವಾಕಿಂಗ್‌ನಲ್ಲಿ, ಸಾಧ್ಯ ಆದರೆ ಯಾರದಾದರೂ ಮನೆಯಲ್ಲಿ. ಗಂಡಸರ ಜೊತೆ, ಹೆಂಗಸರ ಜೊತೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ.

ನಮ್ಮ ಕಡೆ ಒಂದು ಅನುಕೂಲ ಇದೆ, ವಿದೇಶದ ಶೆಲ್ಟರ್‌ಗಳಿಗೆ ಅದು ಇಲ್ಲ. ಬೀದಿ ನಾಯಿಗೂ ಇಲ್ಲಿ ಪರಿಚಯದವರು ಇರುತ್ತಾರೆ. ನಾಯಿ ಬಂದ ಬೀದಿಗೆ ಹೋಗಿ ಚಹಾ ಅಂಗಡಿಯವರನ್ನು, ಬೆಳಿಗ್ಗೆ ಗುಡಿಸುವ ಪೌರಕಾರ್ಮಿಕರನ್ನು ಕೇಳಿ. "ಅದಾ? ಮಕ್ಕಳ ಜೊತೆ ಆಡುತ್ತದೆ, ಆದರೆ ಕೋಲು ಹಿಡಿದವರನ್ನು ಕಂಡರೆ ಆಗಲ್ಲ" ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಹತ್ತು ಟೆಸ್ಟ್‌ಗಿಂತ ಆ ಒಂದು ಚಹಾ ಮೇಲು.

ಬಾಲ ಆಡಿಸುತ್ತಿದ್ದರೆ ಖುಷಿಯಾಗಿದೆ ಅಂತ ಅಲ್ವಾ?

ಯಾವಾಗಲೂ ಅಲ್ಲ. ಮೈ ಪೂರ್ತಿ ಬಳುಕುತ್ತಾ ಬಾಲ ಸಡಿಲವಾಗಿ ಆಡುತ್ತಿದ್ದರೆ ಖುಷಿ. ಬಾಲ ನೆಟ್ಟಗೆ ನಿಂತು ತುದಿ ಮಾತ್ರ ಬಿರುಸಾಗಿ ಅಲ್ಲಾಡುತ್ತಿದ್ದರೆ ದೂರ ನಿಲ್ಲಿ.

ಜನ ಬಾಲ ನೋಡುತ್ತಾರೆ, ಮುಖ ಬಿಟ್ಟುಬಿಡುತ್ತಾರೆ. ನಿದ್ದೆ ಬಾರದೆಯೂ ಆಕಳಿಸುವುದು, ತಿಂಡಿ ಇಲ್ಲದಿದ್ದರೂ ತುಟಿ ನೆಕ್ಕುವುದು, ಮುಖ ಅತ್ತ ತಿರುಗಿಸಿ ಕಣ್ಣಿನ ಬಿಳಿ ಮಾತ್ರ ತೋರಿಸುತ್ತಾ ಓರೆಯಾಗಿ ನೋಡುವುದು, ಇವೆಲ್ಲ "ಸಾಕು, ಬಿಡಿ" ಅನ್ನುವ ಮಾತು. ಎಲ್ಲಕ್ಕಿಂತ ಗಮನಿಸಬೇಕಾದದ್ದು ಕಲ್ಲಿನಂತೆ ನಿಂತುಬಿಡುವುದು. ಒಂದೇ ಒಂದು ಸೆಕೆಂಡ್ ಇರಬಹುದು. ನನಗೆ ಬಿದ್ದ ಕಡಿತಗಳಲ್ಲಿ ಹೆಚ್ಚಿನವು ಆ ಸೆಕೆಂಡ್ ಕಾಣದೆ ಬಿದ್ದವು.

ಗುರ್ ಅಂದರೆ ಗದರಿಸಬೇಕಾ?

ಬೇಡ. ದಯವಿಟ್ಟು ಬೇಡ. ಗುರ್ ಅನ್ನುವುದು ನಾಯಿಯ ಹಾರ್ನ್. ಲಾರಿ ಹಾರ್ನ್ ಕಿವಿಗೆ ಕಿರಿಕಿರಿ ಅಂತ ವೈರ್ ಕಿತ್ತು ಹಾಕಿದರೆ ಲಾರಿ ನಿಲ್ಲುತ್ತದಾ? ಸದ್ದಿಲ್ಲದೆ ಮೈ ಮೇಲೆ ಬರುತ್ತದೆ. ಗುರ್ ಅಂದಾಗಲೆಲ್ಲ ಹೊಡೆತ ತಿಂದ ನಾಯಿ ಗುರ್ ಅನ್ನುವುದನ್ನು ಮಾತ್ರ ಬಿಡುತ್ತದೆ, ಒಳಗಿನ ಭಯ ಹಾಗೇ ಇರುತ್ತದೆ. "ಏನೂ ಸೂಚನೆ ಇಲ್ಲದೆ ಕಚ್ಚಿತು" ಅಂತ ತಂದು ಬಿಡುವ ಸಾಕು ನಾಯಿಗಳಲ್ಲಿ ಇಂಥವು ಎಷ್ಟೋ.

"ಬೊಗಳುವ ನಾಯಿ ಕಚ್ಚುವುದಿಲ್ಲ" ಅನ್ನುವ ಗಾದೆಯನ್ನೂ ನಂಬಬೇಡಿ. ಗಾದೆ ಕಟ್ಟಿದವರು ಮನುಷ್ಯರ ಬಗ್ಗೆ ಹೇಳಿದ್ದು.

ಮೊದಲು ಟ್ರೈನರ್‌ಗೆ ತೋರಿಸಬೇಕಾ, ಡಾಕ್ಟರ್‌ಗಾ?

ಡಾಕ್ಟರ್. ಕಿವಿ, ಹಲ್ಲು, ಕೀಲು, ಚರ್ಮ, ಕಣ್ಣು, ಉಣ್ಣೆ ಜ್ವರ. ನೋವಿರುವ ನಾಯಿಗೆ ಪಾಠ ಹೇಳಿ ಪ್ರಯೋಜನ ಇಲ್ಲ. ರಾಣಿ ಕಥೆ ಮೇಲೆ ಹೇಳಿದೆನಲ್ಲ.

ಊಟ ಮಾಡುವಾಗ ಹತ್ತಿರ ಹೋದರೆ ಗುರ್ ಅನ್ನುತ್ತದೆ. ಇಂಥ ನಾಯಿ ಮನೆಗೆ ಕೊಡಬಹುದಾ?

ಹೆಚ್ಚಿನ ಸಲ ಕೊಡಬಹುದು. 2012 ಮತ್ತು 2013ರಲ್ಲಿ ಅಮೆರಿಕದಲ್ಲಿ ಬಂದ ಎರಡು ಅಧ್ಯಯನಗಳಲ್ಲಿ ಇದನ್ನೇ ನೋಡಿದ್ದಾರೆ. ಶೆಲ್ಟರ್‌ನಲ್ಲಿ ತಟ್ಟೆ ಕಾಯುತ್ತಿದ್ದ ಎಷ್ಟೋ ನಾಯಿಗಳು ಮನೆಗೆ ಹೋದ ಮೇಲೆ ಹಾಗೆ ಮಾಡಲಿಲ್ಲ. ಮಾಡಿದ ಕಡೆಯೂ ಮನೆಯವರು ಅದನ್ನು ದೊಡ್ಡ ತೊಂದರೆ ಅಂದುಕೊಳ್ಳಲಿಲ್ಲ. ಬೀದಿಯಲ್ಲಿ ಒಂದು ತುಂಡು ರೊಟ್ಟಿಗೆ ಐದು ನಾಯಿ ಕಾದಾಡುವ ಊರಲ್ಲಿ ಬೆಳೆದ ನಾಯಿ ತಟ್ಟೆ ಕಾಯದಿದ್ದರೆ ಬದುಕುತ್ತಿತ್ತಾ?

ಮನೆಯಲ್ಲಿ ಮೊದಲು ಮಾಡಬೇಕಾದ್ದು ತರಬೇತಿ ಅಲ್ಲ, ವ್ಯವಸ್ಥೆ. ಒಂದು ಮೂಲೆಯಲ್ಲಿ, ಬಾಗಿಲ ಹಿಂದೆ ಊಟ ಹಾಕಿ. ಮಕ್ಕಳು ಆ ಕಡೆ ಹೋಗಬಾರದು. "ಚಿಕ್ಕಂದಿನಿಂದ ತಟ್ಟೆಗೆ ಕೈ ಹಾಕಿ ಅಭ್ಯಾಸ ಮಾಡಿಸಬೇಕು" ಅಂತ ಪ್ರತಿ ಓಣಿಯಲ್ಲೂ ಒಬ್ಬರು ಹೇಳುತ್ತಾರೆ. ನೀವು ಬೆಣ್ಣೆ ದೋಸೆ ತಿನ್ನುವಾಗ ಪಕ್ಕದವರು ದಿನಾ ಕೈ ಹಾಕಿದರೆ ಅಭ್ಯಾಸ ಆಗುತ್ತದಾ, ಸಿಟ್ಟು ಬರುತ್ತದಾ?

ಆಮೇಲೆ ತರಬೇತಿ. ನಾಯಿ ಅನ್ನ ತಿನ್ನುತ್ತಿದೆ. ಅದು ತಲೆಕೆಡಿಸಿಕೊಳ್ಳದಷ್ಟು ದೂರದಲ್ಲಿ, ಹತ್ತು ಹೆಜ್ಜೆ ಅನ್ನಿ, ನಿಂತುಕೊಂಡು ಒಂದು ತುಂಡು ಬೇಯಿಸಿದ ಕೋಳಿ ಎಸೆಯಿರಿ, ವಾಪಸ್ ಹೋಗಿ. ಅಷ್ಟೇ. ಮುಂದಿನ ಊಟಕ್ಕೆ ಮತ್ತೆ ಅದೇ. ನಿಮ್ಮನ್ನು ಕಂಡ ಕೂಡಲೇ "ಕೋಳಿ ಬಂತು" ಅಂತ ತಲೆ ಎತ್ತಿ ಮೈ ಸಡಿಲ ಮಾಡಿ ನೋಡಲು ಶುರು ಮಾಡಿತು ಅಂದರೆ ಒಂಬತ್ತು ಹೆಜ್ಜೆಗೆ ಬನ್ನಿ. ಮೈ ಬಿಗಿಯಾಯಿತಾ, ಗಬಗಬ ತಿನ್ನತೊಡಗಿತಾ, ನೀವು ಅವಸರ ಮಾಡಿದಿರಿ ಅಂತ ಅರ್ಥ. ಹಿಂದೆ ಹೋಗಿ. ಬಾಯಲ್ಲಿ ಚಪ್ಪಲಿ ಹಿಡಿದಿದ್ದರೂ ಇದೇ ಸೂತ್ರ: ಕಿತ್ತುಕೊಳ್ಳಬೇಡಿ, ಅದಕ್ಕಿಂತ ಒಳ್ಳೆಯದನ್ನು ಕೊಟ್ಟು ಬದಲಾಯಿಸಿಕೊಳ್ಳಿ.

ಬೆಣ್ಣೆ ದೋಸೆಯನ್ನೇ ಎಸೆದರೆ ಆಗಲ್ವಾ ಅಂತ ಒಬ್ಬರು ಕೇಳಿದ್ದರು. ಆಗಲ್ಲ. ಅಷ್ಟು ಜಿಡ್ಡು ನಾಯಿ ಹೊಟ್ಟೆಗೆ ಒಳ್ಳೆಯದಲ್ಲ. ಪಲ್ಯದಲ್ಲಿರುವ ಈರುಳ್ಳಿಯಂತೂ ವಿಷ.

ಕೇಜ್ ಮುಂದೆ ಹೋದರೆ ಹುಚ್ಚು ಹಿಡಿದಂತೆ ಎಗರುತ್ತದೆ. ಹೊರಗೆ ಬಿಟ್ಟರೆ ಹಸುವಿನಂತಿರುತ್ತದೆ. ಯಾಕೆ?

ಕಂಬಿಯೇ ಕಾರಣ. ಹತ್ತಿರ ಬರಬೇಕು, ಬರಲು ಆಗುತ್ತಿಲ್ಲ. ದೂರ ಹೋಗಬೇಕು, ಹೋಗಲು ಜಾಗ ಇಲ್ಲ. ನೋಡಲು ಬಂದವರು "ಅಯ್ಯೋ ಇದು ಬೇಡ" ಅನ್ನುತ್ತಾರೆ, ಅದು ಮತ್ತೆ ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತದೆ, ಇನ್ನೂ ಹಾಳಾಗುತ್ತದೆ.

ನಾವು ಮಾಡಿದ್ದು ಬಹಳ ಸರಳ. ಎದುರುಬದುರು ಇದ್ದ ಕೇಜ್‌ಗಳ ಕೆಳಭಾಗಕ್ಕೆ ಗೋಣಿಚೀಲ ಕಟ್ಟಿದೆವು, ನಾಯಿ ನಾಯಿಯನ್ನು ದಿಟ್ಟಿಸುವುದು ತಪ್ಪಿತು. ಪ್ರತಿ ಕೇಜ್‌ಗೂ ಒಂದು ಡಬ್ಬಿ ತೂಗು ಹಾಕಿದೆವು. ಯಾರೇ ಆ ದಾರಿಯಲ್ಲಿ ಹೋದರೂ, ನಾಯಿ ಏನೇ ಮಾಡುತ್ತಿದ್ದರೂ, ಒಂದು ತುಂಡು ತಿಂಡಿ ಒಳಗೆ ಹಾಕಿ ಹೋಗಬೇಕು. "ಬೊಗಳುವುದಕ್ಕೆ ಬಹುಮಾನ ಕೊಟ್ಟಂಗಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಇಲ್ಲಿ ಬದಲಾಗುವುದು ಬೊಗಳುವುದರ ಹಿಂದಿರುವ ಮನಸ್ಸು. ಗಂಟೆ ಸದ್ದಿಗೆ ನಾಯಿ ಜೊಲ್ಲು ಸುರಿಸಿತು ಅನ್ನುವ ಪಾವ್ಲೋವ್ ಕಥೆ ಶಾಲೆಯಲ್ಲಿ ಓದಿದ್ದೀರಲ್ಲ, ಅದೇ ಇದು. ಮನುಷ್ಯ ಬಂದ, ಬಾಯಿಗೆ ರುಚಿ ಬಂತು.

ಇನ್ನೊಂದು ನಮ್ಮೂರಿನದೇ ಉಪಾಯ. ಒಗ್ಗರಣೆ, ಉಪ್ಪು, ಖಾರ ಏನೂ ಇಲ್ಲದ ಬರೀ ಮಂಡಕ್ಕಿ. ಹಳೇ ಗೋಣಿಚೀಲದ ಮಡಿಕೆಗಳಲ್ಲಿ ಒಂದು ಹಿಡಿ ಉದುರಿಸಿ, ನಡುವೆ ನಾಲ್ಕು ಚೂರು ಬೇಯಿಸಿದ ಮೊಟ್ಟೆ ಹಾಕಿ ಕೊಟ್ಟರೆ ಹದಿನೈದು ನಿಮಿಷ ಮೂಗಿಗೆ ಕೆಲಸ. ಮೂಗಿನ ಕೆಲಸವೂ ನಾಯಿಗೆ ಸುಸ್ತು ತರುತ್ತದೆ. ಮಂಡಕ್ಕಿಯಲ್ಲಿ ಪೌಷ್ಟಿಕಾಂಶ ಏನಿಲ್ಲ, ಅದು ಊಟ ಅಲ್ಲ, ಆಟ.

ಒಂದೆರಡು ರಾತ್ರಿ ಮನೆಗೆ ಕರೆದುಕೊಂಡು ಹೋಗಿ ಮಲಗಿಸಿಕೊಂಡರೂ ಸಹಾಯ. 2019ರ ಒಂದು ಅಧ್ಯಯನದಲ್ಲಿ ಅಂಥ ರಾತ್ರಿಗಳಲ್ಲಿ ನಾಯಿಗಳ ಕಾರ್ಟಿಸಾಲ್ ಇಳಿದಿತ್ತು. ವಾಪಸ್ ಬಂದ ಮೇಲೆ ಹಳೇ ಮಟ್ಟಕ್ಕೇ ಏರಿತು, ಅದಕ್ಕಿಂತ ಮೇಲೆ ಹೋಗಲಿಲ್ಲ. ವಾರಾಂತ್ಯದ ರಜೆ ಇದ್ದಂತೆ. ಸೋಮವಾರ ಬಂದೇ ಬರುತ್ತದೆ, ಆದರೂ ಬೇಕು ಅಲ್ವಾ?

ಮನುಷ್ಯರನ್ನು ಕಂಡರೆ ಮೂಲೆ ಸೇರುತ್ತದೆ. ಪ್ರೀತಿ ತೋರಿಸಿದರೆ ಸರಿಹೋಗುತ್ತದಾ?

ನಿಮ್ಮ ಪ್ರೀತಿ ಅದಕ್ಕೆ ಹೇಗೆ ಕಾಣುತ್ತದೆ ಅನ್ನುವುದರ ಮೇಲೆ. ಎದುರು ಬಂದು, ಕಣ್ಣಿಗೆ ಕಣ್ಣಿಟ್ಟು, ಬಗ್ಗಿ, ತಲೆ ಮೇಲೆ ಕೈ ಇಡುವುದು ನಮಗೆ ಪ್ರೀತಿ, ಹೆದರಿದ ನಾಯಿಗೆ ದಾಳಿ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತುಕೊಳ್ಳಿ. ಮೊಬೈಲ್ ನೋಡಿ, ಪೇಪರ್ ಓದಿ. ತಿಂಡಿ ಹತ್ತಿರ ಅಲ್ಲ, ಅದರ ಹಿಂದೆ ಎಸೆಯಿರಿ, ತಿನ್ನಲು ಅದು ನಿಮ್ಮಿಂದ ದೂರ ಹೋಗುವಂತೆ. ಆಮೇಲೆ ತಾನಾಗಿಯೇ ವಾಪಸ್ ಬರುತ್ತದೆ. ಬಂದಾಗಲೂ ಮುಟ್ಟಬೇಡಿ. ಕಷ್ಟ, ಗೊತ್ತು.

ಮರಿಗಳಿಗೆ ಸುಮಾರು 3ನೇ ವಾರದಿಂದ 12-14ನೇ ವಾರದವರೆಗೆ ಲೋಕ ಪರಿಚಯ ಮಾಡಿಕೊಳ್ಳುವ ಕಾಲ. ಆಗ ಮನುಷ್ಯರ ಕೈ ಕಾಣದೆ ಬೆಳೆದ ನಾಯಿಗೆ ಆಮೇಲೆ ಕಲಿಸಬಹುದು, ಆದರೆ ಪೂರ್ತಿ ನಿರಾಳ ಆಗದೇ ಇರಬಹುದು. ಮುಂಚೆ ಚೆನ್ನಾಗಿದ್ದು ಆಮೇಲೆ ಹೆದರಿದ ನಾಯಿ ಬೇಗ ತಿರುಗಿ ಬರುತ್ತದೆ.

ಪಟಾಕಿಗೂ, ಗಣಪತಿ ಮೆರವಣಿಗೆಯ ಡಿಜೆಗೂ ಹೆದರುವವುಗಳಿಗೆ ವಾರಗಟ್ಟಲೆ ಮುಂಚೆ ಮೊಬೈಲ್‌ನಲ್ಲಿ ಆ ಸದ್ದನ್ನು ಕಿವಿ ನಿಮಿರದಷ್ಟು ಸಣ್ಣದಾಗಿ ಹಾಕಿ, ಕೂಡಲೇ ತಿಂಡಿ ಕೊಡುತ್ತಾ ಹೋಗುತ್ತೇವೆ. ದಿನಾ ಒಂದು ಚೂರು ಜಾಸ್ತಿ ಸದ್ದು. ಇಲ್ಲಿ ಕ್ರಮ ಮುಖ್ಯ: ಸದ್ದು ಮೊದಲು, ಕೋಳಿ ಆಮೇಲೆ. ಉಲ್ಟಾ ಮಾಡಿದರೆ ಕೋಳಿ ಕಂಡರೂ "ಏನೋ ಕಾದಿದೆ" ಅಂತ ಓಡುತ್ತದೆ. ನಾನು ಒಂದು ನಾಯಿಗೆ ಹೀಗೆ ಕೋಳಿಯನ್ನೇ ಕೆಡಿಸಿದ್ದೇನೆ.

ಬೈಕ್ ಕಂಡರೆ, ಬೇರೆ ನಾಯಿ ಕಂಡರೆ ಬೆಲ್ಟ್ ಜಗ್ಗಿ ಎಗರುತ್ತದೆ.

ದೂರ ಹಿಡಿಯಿರಿ. ಬೈಕ್ ಕಂಡೂ ಎಗರದ ಒಂದು ದೂರ ಇರುತ್ತದೆ, ಅಲ್ಲಿಂದ ಶುರು. ಕಂಡಿತು, ತಿಂಡಿ. ಕಂಡಿತು, ತಿಂಡಿ. ಕೆಲವು ದಿನ ಆದ ಮೇಲೆ ಬೈಕ್ ಕಂಡ ಕೂಡಲೇ ನಿಮ್ಮ ಮುಖ ನೋಡುತ್ತದೆ, ಆಗ ಎರಡು ಹೆಜ್ಜೆ ಹತ್ತಿರ. ಪಿಬಿ ರಸ್ತೆಯಲ್ಲಿ ಇದನ್ನು ಕಲಿಸಲು ಹೋಗಬೇಡಿ. ಕುಂದವಾಡ ಕೆರೆ ಕಡೆ ಸಂಜೆ ಜನ ಜಾಸ್ತಿ, ನಸುಕಿನಲ್ಲೇ ಹೋಗಿ.

ನಾನೇ ಲೀಡರ್ ಅಂತ ತೋರಿಸಬೇಕು, ನೆಲಕ್ಕೆ ಒತ್ತಿ ಹಿಡಿಯಬೇಕು ಅನ್ನುತ್ತಾರಲ್ಲ?

ಈ ಕಲ್ಪನೆ ಬಂದದ್ದು 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವ ವಿಜ್ಞಾನಿ ಪ್ರಕಟಿಸಿದ ತೋಳಗಳ ಅಧ್ಯಯನದಿಂದ. ಅವು ಕಾಡಿನ ತೋಳಗಳಲ್ಲ, ಮೃಗಾಲಯದಲ್ಲಿ ಕೂಡಿ ಹಾಕಿದವು. ಕೂಡಿ ಹಾಕಿದರೆ ಯಾರಾದರೂ ಜಗಳ ಆಡುತ್ತಾರೆ. "ಆಲ್ಫಾ ತೋಳ" (ಗುಂಪನ್ನು ಅಂಕೆಯಲ್ಲಿಡುವ ಲೀಡರ್ ತೋಳ) ಅನ್ನುವ ಮಾತನ್ನು ಜನಪ್ರಿಯ ಮಾಡಿದವರಲ್ಲಿ ಒಬ್ಬರಾದ ತೋಳಗಳ ಸಂಶೋಧಕ ಡೇವಿಡ್ ಮೆಕ್, ಕಾಡಿನಲ್ಲಿ ವರ್ಷಗಟ್ಟಲೆ ನೋಡಿದ ಮೇಲೆ, ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳಿರುವ ಒಂದು ಕುಟುಂಬ, ಅಷ್ಟೇ, ಅಂತ 1999ರಲ್ಲಿ ಬರೆದು ಆ ಮಾತನ್ನು ತಾವೇ ಕೈಬಿಟ್ಟರು. ನಮ್ಮ ಟ್ರೈನರ್‌ಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಹಗ್ಗ ಬಿಗಿದು ಉಸಿರು ಕಟ್ಟಿಸುವ ಚೈನ್, ಶಾಕ್ ಬೆಲ್ಟ್, ಇವು ನಾಯಿಯನ್ನು ಸುಮ್ಮನಾಗಿಸುತ್ತವೆ. ಸುಮ್ಮನಾದದ್ದಕ್ಕೂ ಸರಿಹೋದದ್ದಕ್ಕೂ ವ್ಯತ್ಯಾಸ ಇದೆ. ಒಬ್ಬ ಟ್ರೈನರ್ ಹತ್ತಿರ ಇಪ್ಪತ್ತು ದಿನ ಇದ್ದು ಬಂದ ನಾಯಿ ಬೆಲ್ಟ್ ಕೈಗೆತ್ತಿಕೊಂಡ ಕೂಡಲೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಅದನ್ನು ನೋಡಿದ ಮೇಲೆ ಈ ವಾದ ಮುಗಿಯಿತು.

ಬಾಯಿಕುಕ್ಕೆ ಬೇರೆ ವಿಷಯ. ಒಕ್ಕಣೆಯಲ್ಲಿ ಎತ್ತಿಗೆ ಕಟ್ಟುತ್ತೇವಲ್ಲ, ನಾಯಿಗೂ ಅಂಥದ್ದು ಸಿಗುತ್ತದೆ. ಬಾಯಿ ತೆರೆದು ತೇಕಲು, ನೀರು ಕುಡಿಯಲು ಆಗುವಂಥ ಬುಟ್ಟಿ ಆಕಾರದ್ದು ತಗೊಳ್ಳಿ, ನಮ್ಮ ಏಪ್ರಿಲ್ ಬಿಸಿಲಿಗೆ ಬಿಗಿ ಬಟ್ಟೆಯದು ಅಪಾಯ. ಒಳಗೆ ತಿಂಡಿ ಇಟ್ಟು, ಮೂತಿಯನ್ನು ಅದೇ ತೂರಿಸುವಂತೆ ನಿಧಾನಕ್ಕೆ ಕಲಿಸಿ.

ಮಾತ್ರೆ ಕೊಟ್ಟರೆ ನಾಯಿ ಮಂಕಾಗಲ್ವಾ?

ಸರಿಯಾದ ಮಾತ್ರೆ, ಸರಿಯಾದ ಪ್ರಮಾಣ ಆದರೆ ಇಲ್ಲ. ಒಂಟಿಯಾದರೆ ಬಾಗಿಲು ಕೆರೆದು ರಕ್ತ ಮಾಡಿಕೊಳ್ಳುವಂಥ ನಾಯಿಗೆ ಫ್ಲುಯೊಕ್ಸೆಟಿನ್‌ನಂಥ ಔಷಧಿ ಪಶುವೈದ್ಯರು ಬರೆಯುತ್ತಾರೆ. ಪರಿಣಾಮ ಕಾಣಲು ಕೆಲವು ವಾರ ಬೇಕು. ಮಾತ್ರೆ ಪಾಠ ಕಲಿಸುವುದಿಲ್ಲ, ಪಾಠ ತಲೆಗೆ ಹೋಗುವಷ್ಟು ಭಯ ಇಳಿಸುತ್ತದೆ. ಮನೆಯಲ್ಲಿ ಯಾರದೋ ಮಾತ್ರೆ ಮುರಿದು ಕೊಡಬೇಡಿ.

ನಮ್ಮ ಬೀದಿಯ ಕಚ್ಚುವ ನಾಯಿಯನ್ನು ನೀವೇ ಇಟ್ಟುಕೊಳ್ಳಬಹುದಲ್ಲ?

2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮಗಳ ಪ್ರಕಾರ ಬೀದಿ ನಾಯಿಗೆ ಸಂತಾನಹರಣ ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ರೇಬೀಸ್ ಇರುವ ಅಥವಾ ಅನುಮಾನ ಇರುವ ನಾಯಿಗಳನ್ನೂ ಆಕ್ರಮಣಕಾರಿ ನಾಯಿಗಳನ್ನೂ ಹಾಗೆ ಬಿಡಬಾರದು ಅಂದಿತು. ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಕಡೆಯ ನಾಯಿಗಳನ್ನು ತೆಗೆದು ಶೆಲ್ಟರ್‌ಗೆ ಸೇರಿಸಲು ಹೇಳಿತು. ಅಂದರೆ ಶೆಲ್ಟರ್‌ಗಳಲ್ಲಿ ನಾಯಿ ಜಾಸ್ತಿಯಾಗುತ್ತವೆ, ಜಾಗ ಅಷ್ಟೇ ಇರುತ್ತದೆ. "ಆಕ್ರಮಣಕಾರಿ" ಅನ್ನುವ ಒಂದು ಪದಕ್ಕೆ ಈಗ ಇಷ್ಟು ತೂಕ ಬಂದಿರುವಾಗ ಅದನ್ನು ಕೆಂಪು ಮಾರ್ಕರ್‌ನಲ್ಲಿ ಸುಮ್ನೆ ಬರೆಯಲು ನನಗೆ ಕೈ ಬರುವುದಿಲ್ಲ.

ಕಚ್ಚಿಬಿಟ್ಟರೆ?

ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ, ಚರ್ಮ ಹರಿದು ರಕ್ತ ಬಂದಿದ್ದರೆ ಇಮ್ಯುನೊಗ್ಲೋಬ್ಯುಲಿನ್ (ರೇಬೀಸ್ ವಿರುದ್ಧ ಕೂಡಲೇ ಕೆಲಸ ಮಾಡುವ ಇಂಜೆಕ್ಷನ್) ಬೇಕಾ ಅಂತ ಕೇಳಿ. ನಾಯಿಯನ್ನು 10 ದಿನ ಗಮನಿಸಬೇಕು. ಅದು ಆರೋಗ್ಯವಾಗಿ ಕಾಣುತ್ತಿದೆ ಅಂತ ಲಸಿಕೆ ಮುಂದೂಡಬೇಡಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ.

ಸರಿಹೋಗದ ನಾಯಿಗಳೇ ಇಲ್ವಾ? ನಾಯಿ ಬಾಲ ಡೊಂಕು ಅಂತಾರೆ.

ಇವೆ. ಅದನ್ನು ಮುಚ್ಚಿಡುವ ಶೆಲ್ಟರ್‌ನವರನ್ನು ನಂಬಬೇಡಿ. ಇಯಾನ್ ಡನ್‌ಬಾರ್ ಅನ್ನುವ ಪಶುವೈದ್ಯರು ಕಡಿತವನ್ನು 6 ಮಟ್ಟಗಳಲ್ಲಿ ವಿಂಗಡಿಸಿದ್ದಾರೆ. ಗಾಳಿಯಲ್ಲಿ ಬಾಯಿ ಹಾಕಿದ್ದು, ಹಲ್ಲು ತಾಗಿ ಚರ್ಮ ಹರಿಯದ್ದು, ಇವು ಕೆಳಗಿನವು. ಆಳವಾಗಿ ಕಚ್ಚಿ ಹಿಡಿದು ಅಲ್ಲಾಡಿಸಿದ್ದು, ಮತ್ತೆ ಮತ್ತೆ ಕಚ್ಚಿದ್ದು ಮೇಲಿನವು. ಹಾಗೆ ಕಚ್ಚಿದ ನಾಯಿಯನ್ನು ನಾವು ಯಾವ ಮನೆಗೂ ಕೊಡುವುದಿಲ್ಲ, ಎಷ್ಟೇ ಮುದ್ದಾಗಿದ್ದರೂ. ಕೊಡುವ ನಾಯಿಗಳ ವಿಷಯದಲ್ಲೂ ನೋಟ್‌ಬುಕ್ ಪುಟ ಪೂರ್ತಿ ಓದಿಸಿ, ಆಮೇಲೇ ಸಹಿ.

ನಮ್ಮಲ್ಲಿ ಕರಿಯ ಅಂತ ಒಂದು ಇದೆ. ಹೊಸ ಗಂಡಸರು ಆಗಲ್ಲ. ಎಷ್ಟು ಕೋಳಿ ತಿಂದರೂ ಆಗಲ್ಲ. ಬಾಯಿಕುಕ್ಕೆ ಹಾಕಿಕೊಂಡು ನಸುಕಿನಲ್ಲಿ ಒಂದು ಸುತ್ತು ಹೊಲದ ಕಡೆ ಹೋಗಿ ಬರುತ್ತದೆ, ಮಧ್ಯಾಹ್ನ ಬೇವಿನ ನೆರಳಲ್ಲಿ ಮಲಗುತ್ತದೆ. ಅದಕ್ಕೆ ಮನೆ ಹುಡುಕುವುದನ್ನು ಬಿಟ್ಟಿದ್ದೇವೆ, ಅದರ ದಿನ ಚೆನ್ನಾಗಿರುವಂತೆ ನೋಡಿಕೊಳ್ಳುವುದನ್ನಲ್ಲ.

ಮನೆಗೆ ತಂದ ಮೇಲೆ ಎಷ್ಟು ದಿನ ಕಾಯಬೇಕು?

3 ದಿನ ಗಾಬರಿ, 3 ವಾರ ಹೊಂದಾಣಿಕೆ, 3 ತಿಂಗಳಿಗೆ ತನ್ನ ಮನೆ ಅನ್ನುವ ಭಾವನೆ ಅಂತ ಒಂದು ಬಾಯಿಲೆಕ್ಕ ಇದೆ. ವಿಜ್ಞಾನ ಅಲ್ಲ, ಅಂದಾಜು. ಮೊದಲ ವಾರ ನೆಂಟರಿಷ್ಟರನ್ನೆಲ್ಲ ಕರೆದು ನಾಯಿ ತೋರಿಸಬೇಡಿ.

ನಾನೂ ಬಂದು ಸಹಾಯ ಮಾಡಬಹುದಾ?

ಬನ್ನಿ. ದುಡ್ಡೇ ಬೇಕೆಂದಿಲ್ಲ. ಹಳೇ ಗೋಣಿಚೀಲ, ಬೆಡ್‌ಶೀಟ್, ಒಂದು ಸೇರು ಬರೀ ಮಂಡಕ್ಕಿ ತನ್ನಿ. ಒಂದು ಗಂಟೆ ಸುಮ್ನೆ ಕೇಜ್ ಪಕ್ಕ ಕೂತು ಪೇಪರ್ ಓದಿದರೂ ಅದು ಕೆಲಸವೇ. ಬೈಕಲ್ಲಿ ಬಂದರೆ ಹೆಲ್ಮೆಟ್ ಗೇಟ್ ಹೊರಗೆ ತೆಗೆದಿಟ್ಟು ಒಳಗೆ ಬನ್ನಿ. ಎರಡನೇ ಸಾಲಿನ ಕೊನೇ ಕೇಜ್‌ನಲ್ಲಿರುವವನಿಗೆ ಅದು ಇನ್ನೂ ಅಭ್ಯಾಸ ಆಗಿಲ್ಲ.